ಪದ ಪರಿಚಯ: ಎದ್ದು ಕಾಣುವ ಅಕ್ರಮ ಆದೇಶ

ಕೆಲವು ಹುಕುಂಗಳು ಅಪರಾಧವೆಂದು ತಿಳಿಯಲು ಕಾನೂನು ಓದಿರಬೇಕಿಲ್ಲ. ಶರಣಾದವರಿಗೆ ಗುಂಡಿಕ್ಕು, ಊರಿನ ಹೆಂಗಸರು ಮಕ್ಕಳನ್ನು ಒಟ್ಟುಗೂಡಿಸಿ ಮುಗಿಸು, ಸೆರೆಯಾಳಿಗೆ ಚಿತ್ರಹಿಂಸೆ ಕೊಡು ಎಂಬಂಥವು. ಸಾಮಾನ್ಯ ತಿಳಿವಳಿಕೆಯ ಯಾವ ಸಿಪಾಯಿಗೂ ಕೇಳಿದ ಕೂಡಲೇ ತಪ್ಪೆಂದು ಗೊತ್ತಾಗುವ ಇಂಥ ಆಜ್ಞೆಯೇ ಯುದ್ಧ ಕಾನೂನಿನಲ್ಲಿ ‘ಎದ್ದು ಕಾಣುವ ಅಕ್ರಮ ಆದೇಶ’. ಪಾಲಿಸಿದವನು ‘ಮೇಲಿನವರು ಹೇಳಿದ್ದು, ಮಾಡಿದೆ’ ಎಂದು ಪಾರಾಗುವಂತಿಲ್ಲ. ಅದನ್ನು ಮೀರುವುದೇ ಅವನ ಕರ್ತವ್ಯ.

ಯುದ್ಧವೇ ಬೇಡವೆಂದು ಆತ್ಮಸಾಕ್ಷಿಯ ಕಾರಣಕ್ಕೆ ಸೇನೆ ಸೇರಲು ಒಪ್ಪದವರ ವಿಷಯ ಬೇರೆ. ಇಲ್ಲಿ ಮಾತು ಸಮವಸ್ತ್ರ ತೊಟ್ಟು, ಬಂದೂಕು ಹಿಡಿದು, ಉಳಿದೆಲ್ಲ ಆಜ್ಞೆಗಳನ್ನೂ ಪಾಲಿಸುವ ಸೈನಿಕನದು. ಹಾಗೆಂದು ಪ್ರತಿ ಆಜ್ಞೆಯನ್ನೂ ತೂಗಿ ನೋಡುವ ಪರವಾನಗಿ ಇದಲ್ಲ. ಮದ್ದುಗುಂಡಿನ ಉಗ್ರಾಣವೆಂದು ತೋರಿಸಿದ ಕಟ್ಟಡಕ್ಕೆ ಗುರಿಯಿಟ್ಟು, ಆಮೇಲೆ ಅದು ಶಾಲೆಯೆಂದು ತಿಳಿದರೆ, ತಿಳಿಯುವ ದಾರಿಯೇ ಇಲ್ಲದಿದ್ದ ಗನ್ನರ್‌ನ ಮೇಲೆ ಈ ಹೊಣೆ ಬೀಳುವುದಿಲ್ಲ.

1918ರ ಜೂನ್‌ನಲ್ಲಿ ಜರ್ಮನಿಯ ಜಲಾಂತರ್ಗಾಮಿಯೊಂದು ‘ಲಾಂಡೋವರಿ ಕ್ಯಾಸಲ್’ ಎಂಬ ಆಸ್ಪತ್ರೆ ಹಡಗನ್ನು ಮುಳುಗಿಸಿ, ಪಾರಾದವರ ದೋಣಿಗಳ ಮೇಲೂ ಗುಂಡು ಹಾರಿಸಿತು. 1921ರಲ್ಲಿ ಲೈಪ್‌ಸಿಗ್‌ನ ನ್ಯಾಯಾಲಯ ಕ್ಯಾಪ್ಟನ್‌ನ ಆಜ್ಞೆಯ ನೆಪವನ್ನು ಒಪ್ಪದೆ ಇಬ್ಬರು ಲೆಫ್ಟಿನೆಂಟ್‌ಗಳಿಗೆ ನಾಲ್ಕು ವರ್ಷ ಶಿಕ್ಷೆ ವಿಧಿಸಿತು. ದೋಣಿಯಲ್ಲಿರುವ ನಿರಾಯುಧರನ್ನು ಕೊಲ್ಲಬಾರದೆಂಬುದು ಎಲ್ಲರಿಗೂ ಗೊತ್ತಿರುವ ನಿಯಮ ಎಂದಿತು. ಆ ಇಬ್ಬರೂ ಜೈಲಿನಿಂದ ತಪ್ಪಿಸಿಕೊಂಡದ್ದು ಬೇರೆ ಮಾತು.

ಈ ಪರಿಕಲ್ಪನೆಯನ್ನು ಅರಿಯಲು ಕಾಫ್ರ್ ಕಾಸಿಮ್ ಪ್ರಕರಣಕ್ಕಿಂತ ಒಳ್ಳೆಯ ಪಾಠವಿಲ್ಲ. 1956ರ ಅಕ್ಟೋಬರ್ 29. ಇಸ್ರೇಲ್‌ನ ಗಡಿ ಪೊಲೀಸರು ಅರಬ್ ಹಳ್ಳಿಗಳಲ್ಲಿ ಸಂಜೆ 5ರಿಂದ ಕರ್ಫ್ಯೂ ಹೇರಿದರು. ಅವುಗಳಲ್ಲೊಂದಾದ ಕಾಫ್ರ್ ಕಾಸಿಮ್‌ನ ಮುಖ್ಯಸ್ಥನಿಗೆ ವಿಷಯ ಮುಟ್ಟಿದ್ದು ಕೇವಲ ಅರ್ಧ ಗಂಟೆ ಮೊದಲು. ಹೊಲಗದ್ದೆಗೆ, ಕಲ್ಲುಗಣಿಗೆ ಹೋದವರಿಗೆ ತಿಳಿಸುವುದು ಹೇಗೆಂದು ಅವನು ಕೇಳಿದ. ಹೊರಗೆ ಸಿಕ್ಕವರಿಗೆ ಗುಂಡಿಕ್ಕಿ ಎಂಬ ಆಜ್ಞೆ ಹಲವು ತುಕಡಿಗಳಿಗೆ ಹೋಗಿತ್ತು. ಕಾಫ್ರ್ ಕಾಸಿಮ್‌ನಲ್ಲಿದ್ದ ತುಕಡಿ ಸೈಕಲ್ಲಿನಲ್ಲಿ, ಗಾಡಿಯಲ್ಲಿ, ಲಾರಿಯಲ್ಲಿ ಮನೆಗೆ ಮರಳುತ್ತಿದ್ದ ಸುಮಾರು 50 ಮಂದಿಯನ್ನು ಕೊಂದಿತು. ಅಕ್ಕಪಕ್ಕದ ಹಳ್ಳಿಗಳಲ್ಲಿ ಅದೇ ಆಜ್ಞೆ ಪಡೆದಿದ್ದ ಕಿರಿಯ ಅಧಿಕಾರಿಗಳು ಕೂಲಿಯವರನ್ನು ಮನೆ ಸೇರಲು ಬಿಟ್ಟರು. ಬೇರೆ ದಾರಿ ಇರಲಿಲ್ಲ ಎಂಬ ವಾದ ಇಲ್ಲಿ ನೆಲಕಚ್ಚುತ್ತದೆ.

1958ರ ತೀರ್ಪಿನಲ್ಲಿ ನ್ಯಾಯಾಧೀಶ ಬೆಂಜಮಿನ್ ಹಾಲೆವಿ ಈ ಕಲ್ಪನೆಗೆ ಇಂದಿಗೂ ಬಳಕೆಯಲ್ಲಿರುವ ರೂಪ ಕೊಟ್ಟರು: ಇಂಥ ಆಜ್ಞೆಯ ನೆತ್ತಿಯ ಮೇಲೆ ‘ನಿಷಿದ್ಧ’ ಎಂದು ಸಾರುವ ಕಪ್ಪು ಬಾವುಟ ಹಾರುತ್ತಿರುತ್ತದೆ. ಪಂಡಿತರ ಕಣ್ಣಿಗಷ್ಟೇ ಬೀಳುವ ಸೂಕ್ಷ್ಮ ದೋಷ ಇದಲ್ಲ, ಕಣ್ಣಿಗೆ ಚುಚ್ಚಿ ಎದೆ ಕಲಕುವ ದೋಷ. ತೀರ್ಪು ಇಷ್ಟು ಗಟ್ಟಿಯಾಗಿದ್ದರೂ ಶಿಕ್ಷೆ ಗಟ್ಟಿಯಾಗಲಿಲ್ಲ. ಅಪರಾಧಿಗಳೆಲ್ಲ 1960ರ ಹೊತ್ತಿಗೆ ಹೊರಬಂದರು. ಬ್ರಿಗೇಡ್ ಕಮಾಂಡರ್‌ಗೆ ಬಿದ್ದ ದಂಡ 10 ಪ್ರುಟಾ, ಅಂದರೆ ಬಿಡಿಗಾಸು. ಇದು ಆ ತೀರ್ಪಿಗೆ ಮಾಡಿದ ಅವಮಾನ.

ವ್ಯವಹಾರದಲ್ಲಿ ತೊಡಕು ಎಲ್ಲಿ? ಅಕ್ರಮ ಆಜ್ಞೆ ಸಾಮಾನ್ಯವಾಗಿ ಬಿಡಿಸಿದ ಮಾತಿನಲ್ಲಿ ಬರುವುದಿಲ್ಲ. ‘ಊರನ್ನು ಸ್ವಚ್ಛ ಮಾಡಿ’, ‘ಅಲ್ಲಿರುವವರೆಲ್ಲ ಶತ್ರುಗಳೇ’ ಎಂಬ ಧಾಟಿಯಲ್ಲಿ, ಅವಸರದಲ್ಲಿ, ಬಾಯಿಮಾತಿನಲ್ಲಿ ಬರುತ್ತದೆ. ಹೇಳಿದವನು ನಾಳೆ ‘ನಾನು ಹಾಗೆ ಹೇಳಲೇ ಇಲ್ಲ’ ಎನ್ನಬಹುದು. ಅದಕ್ಕೇ ಮೊದಲು ಮಾಡಬೇಕಾದದ್ದು ಬಿಡಿಸಿ ಕೇಳುವುದು: ‘ಸಾರ್, ಮಕ್ಕಳ ಮೇಲೂ ಗುಂಡು ಹಾರಿಸಬೇಕೇ?’ ಅನೇಕ ಸಲ ಆಜ್ಞೆ ಅಲ್ಲೇ ಸಡಿಲವಾಗುತ್ತದೆ. ಆಗದಿದ್ದರೆ ‘ನಾನು ಮಾಡುವುದಿಲ್ಲ’ ಎಂದು ಚುಟುಕಾಗಿ, ಸಾಕ್ಷಿಗಳ ಎದುರು ಹೇಳಬೇಕು. ಕೈಕೆಳಗಿನವರಿಗೆ ಆ ಆಜ್ಞೆಯನ್ನು ದಾಟಿಸಬಾರದು. ಆಮೇಲೆ ಆ ಅಧಿಕಾರಿಯ ಮೇಲಿನವರಿಗೆ ವರದಿ, ಜೊತೆಗೆ ಸಮಯ, ಜಾಗ, ಹೆಸರುಗಳ ಟಿಪ್ಪಣಿ. ಕೋರ್ಟ್ ಮಾರ್ಷಲ್‌ನಲ್ಲಿ ಇದು ಬೇಕಾಗುತ್ತದೆ. ಉದಾಹರಣೆಗೆ, ಅಮೆರಿಕದ ಸೇನಾ ಕಾನೂನು ಆಜ್ಞೆ ಸಕ್ರಮವೆಂದೇ ಎಣಿಸಿ ಶುರುಮಾಡುತ್ತದೆ. ಮೀರಿದವನು ತನ್ನ ಹೊಣೆಯಲ್ಲೇ ಮೀರಿದಂತೆ. ಅಪರಾಧ ಮಾಡೆಂದು ನೇರವಾಗಿ ಹೇಳುವ ಆಜ್ಞೆಗೆ ಮಾತ್ರ ಸಕ್ರಮವೆಂಬ ಆ ಎಣಿಕೆ ಇಲ್ಲ.

ಕಣ್ಣೆದುರೇ ಕೊಲೆ ನಡೆಯುತ್ತಿದ್ದರೆ ನಿರಾಕರಣೆಯೊಂದೇ ಸಾಲದು. 1968ರ ಮಾರ್ಚ್ 16ರಂದು ವಿಯೆಟ್ನಾಂನ ಮೈ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ಹಳ್ಳಿಗರನ್ನು ಕೊಲ್ಲುತ್ತಿದ್ದರು. ಮೇಲೆ ಹಾರುತ್ತಿದ್ದ ಅಮೆರಿಕದ್ದೇ ಹೆಲಿಕಾಪ್ಟರ್ ಪೈಲಟ್ ಹ್ಯೂ ಥಾಂಪ್ಸನ್ ಗಾಯಾಳುಗಳಿದ್ದ ಜಾಗಕ್ಕೆ ನೆರವು ಬರಲೆಂದು ಹೊಗೆ ಹಾಕಿ ಗುರುತಿಸಿದರು. ನೆರವಿನ ಬದಲು ಬಂದದ್ದು ಗುಂಡು. ಬಂಕರ್‌ನಲ್ಲಿ ಅಡಗಿದ್ದ ಹಳ್ಳಿಗರತ್ತ ಅಮೆರಿಕದ ಸೈನಿಕರು ನಡೆದಾಗ ಥಾಂಪ್ಸನ್ ನಡುವೆ ಹೆಲಿಕಾಪ್ಟರ್ ಇಳಿಸಿದರು. ತನ್ನವರೇ ಆ ಜನರ ಮೇಲೆ ಗುಂಡು ಹಾರಿಸಿದರೆ ತಿರುಗಿ ಹಾರಿಸಿ ಎಂದು ಜೊತೆಗಿದ್ದ ಲಾರೆನ್ಸ್ ಕೋಲ್ಬರ್ನ್ ಮತ್ತು ಗ್ಲೆನ್ ಆಂಡ್ರಿಯೋಟಾಗೆ ಹೇಳಿದರು. ಬೇರೆ ಹೆಲಿಕಾಪ್ಟರ್ ಕರೆಸಿ ಹಳ್ಳಿಗರನ್ನು ಸಾಗಿಸಿದರು. ಹೆಣಗಳ ಕಾಲುವೆಗೆ ಇಳಿದ ಆಂಡ್ರಿಯೋಟಾ ಜೀವಂತ ಮಗುವೊಂದನ್ನು ಎತ್ತಿ ತಂದರು. ನೆಲೆಗೆ ಮರಳಿದ ಥಾಂಪ್ಸನ್ ದೂರು ಕೊಟ್ಟ ಮೇಲೆ ಗುಂಡಿನ ದಾಳಿ ನಿಲ್ಲಿಸುವ ಆಜ್ಞೆ ಹೊರಟಿತು. ಅಷ್ಟರಲ್ಲಿ ನೂರಾರು ಜನ ಸತ್ತಿದ್ದರು. ಸೇನೆ ಮೊದಲು ಎಲ್ಲವನ್ನೂ ಮುಚ್ಚಿಟ್ಟಿತು. ಮೂವರಿಗೂ ‘ಸೋಲ್ಜರ್ಸ್ ಮೆಡಲ್’ ಸಿಕ್ಕಿದ್ದು 1998ರಲ್ಲಿ, ಆ ವೇಳೆಗೆ ಆಂಡ್ರಿಯೋಟಾ ತೀರಿಕೊಂಡು 30 ವರ್ಷವಾಗುತ್ತ ಬಂದಿತ್ತು.

‘ಮಾಡದಿದ್ದರೆ ನನ್ನನ್ನೇ ಕೊಲ್ಲುತ್ತಿದ್ದರು’ ಎಂಬುದು ಇನ್ನೊಂದು ವಾದ. ನಿಜವಾದ ಪ್ರಾಣಬೆದರಿಕೆ ಇದ್ದರೆ ಕಾನೂನು ಅದನ್ನು ಬೇರೆಯಾಗಿಯೇ ಪರಿಶೀಲಿಸುತ್ತದೆ. ಆದರೆ ಈ ವಾದವನ್ನು ಸುಮ್ಮನೆ ನಂಬಬಾರದು. 1942ರ ಜುಲೈನಲ್ಲಿ ಪೋಲೆಂಡಿನ ಯೂಜೆಫೂವ್‌ನಲ್ಲಿ ಯಹೂದಿಗಳ ಹತ್ಯೆಗೆ ಮುನ್ನ ಜರ್ಮನ್ ಮೀಸಲು ಪೊಲೀಸ್ ದಳದ ಮೇಜರ್, ಆಗದೆನಿಸುವ ವಯಸ್ಸಾದ ಪೊಲೀಸರು ಹಿಂದೆ ಸರಿಯಬಹುದು ಎಂದಿದ್ದ. ಸುಮಾರು 500 ಜನರಲ್ಲಿ ಸರಿದವರು ಒಂದು ಡಜನ್‌ನಷ್ಟು. ಅವರಿಗೆ ಯಾವ ಶಿಕ್ಷೆಯೂ ಆಗಲಿಲ್ಲ.

ನಾಜಿ ನಾಯಕರ ವಿಚಾರಣೆಯ ಆಧಾರದಲ್ಲಿ ವಿಶ್ವಸಂಸ್ಥೆಯಲ್ಲಿ ರೂಪುಗೊಂಡ 1950ರ ನ್ಯೂರೆಂಬರ್ಗ್ ತತ್ವಗಳು ಇದನ್ನೇ ಅಳತೆಗೋಲಾಗಿಸಿವೆ: ನೈತಿಕ ಆಯ್ಕೆ ಸಾಧ್ಯವಿತ್ತೆಂದಾದರೆ ಮೇಲಿನ ಆಜ್ಞೆ ಯಾರನ್ನೂ ಕಾಯದು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ 1998ರ ರೋಮ್ ಒಡಂಬಡಿಕೆಯ 33ನೇ ವಿಧಿ ಸಣ್ಣದೊಂದು ಕಿಂಡಿ ಬಿಟ್ಟಿದೆ. ಪಾಲಿಸುವ ಕಾನೂನು ಬಾಧ್ಯತೆ ಇರಬೇಕು, ಆಜ್ಞೆ ಅಕ್ರಮವೆಂದು ಗೊತ್ತಿರಬಾರದು, ಆ ಅಕ್ರಮ ಎದ್ದು ಕಾಣುವಂತೆಯೂ ಇರಬಾರದು. ಮೂರೂ ಒಟ್ಟಿಗೆ ಇದ್ದರೆ ಮಾತ್ರ ರಿಯಾಯಿತಿ. ನರಮೇಧ ಮತ್ತು ಮಾನವತೆಯ ವಿರುದ್ಧದ ಅಪರಾಧಗಳಿಗೆ ಆ ಕಿಂಡಿಯೂ ಇಲ್ಲ. ಅಂಥ ಆಜ್ಞೆಗಳ ಅಕ್ರಮ ಸದಾ ಎದ್ದು ಕಾಣುವಂಥದ್ದೇ ಎಂದು ಆ ವಿಧಿ ಮೊದಲೇ ತೀರ್ಮಾನಿಸಿಬಿಟ್ಟಿದೆ.