ಪದ ಪರಿಚಯ: ಕಂಟ್ರಿ ಹೌಸ್

ಇಂಗ್ಲೆಂಡಿನ ವಾಸ್ತುಶಿಲ್ಪದ ಬರಹಗಳಲ್ಲಿ ಪದೇ ಪದೇ ಎದುರಾಗುವ ‘ಕಂಟ್ರಿ ಹೌಸ್’ ಎಂಬುದು ಹಳ್ಳಿಯಲ್ಲಿರುವ ಯಾವುದೋ ದೊಡ್ಡ ಮನೆಯ ಹೆಸರಲ್ಲ. ವಿಸ್ತಾರವಾದ ಜಮೀನು, ಅದರಿಂದ ಬರುವ ಗೇಣಿ ಮತ್ತು ಸುತ್ತಲಿನ ಊರುಗಳ ಮೇಲಿನ ಪ್ರಭಾವ, ಈ ಮೂರಕ್ಕೂ ಕೇಂದ್ರವಾಗಿದ್ದ ಭೂಮಾಲೀಕ ಕುಟುಂಬದ ಮುಖ್ಯ ನಿವಾಸವನ್ನು ಹಾಗೆ ಕರೆಯುತ್ತಾರೆ. ಇದೇ ಕುಟುಂಬಗಳು ರಾಜಕೀಯಕ್ಕೂ ಸಾಮಾಜಿಕ ಬದುಕಿಗೂ ಲಂಡನ್ನಿನಲ್ಲಿ ಇಟ್ಟುಕೊಳ್ಳುತ್ತಿದ್ದ ಮನೆ ‘ಟೌನ್ ಹೌಸ್’. ಆಸ್ತಿಯನ್ನು ಪಾಲು ಮಾಡದೆ ಹಿರಿಯ ಮಗನಿಗೇ ಬಿಟ್ಟುಕೊಡುವ ಪದ್ಧತಿ ಪ್ರಬಲವಾಗಿದ್ದುದರಿಂದ ಇಂಥ ಮನೆಗಳು ಒಡೆದು ಹಂಚಿಹೋಗಲಿಲ್ಲ. ಪ್ರತಿ ತಲೆಮಾರಿನವರೂ ತಮ್ಮ ಹಣ, ಅಗತ್ಯ ಮತ್ತು ಅಭಿರುಚಿಗೆ ತಕ್ಕಂತೆ ಅವನ್ನು ತಿದ್ದುತ್ತ ಬಂದರು. ಆದ್ದರಿಂದ ಕಂಟ್ರಿ ಹೌಸನ್ನು ಒಂದು ಶೈಲಿ ಎಂದು ಭಾವಿಸುವುದು ಸರಿಯಲ್ಲ. ಟ್ಯೂಡರ್ (ಸುಮಾರು 16ನೆಯ ಶತಮಾನದ) ಮನೆ, ಜಾರ್ಜಿಯನ್ (ಸುಮಾರು 18ನೆಯ ಶತಮಾನದ) ಮನೆ ಎಂಬ ಹಣೆಪಟ್ಟಿಗಳು ಸಾಮಾನ್ಯವಾಗಿ ಎದುರಿನ ಮುಖವನ್ನಷ್ಟೇ ಹೇಳುತ್ತವೆ. ಅಂಥ ಕಟ್ಟಡವನ್ನು ಅರ್ಥಮಾಡಿಕೊಳ್ಳಲು ಹೊಸದಾಗಿ ಕಟ್ಟಿದ್ದಕ್ಕಿಂತ, ಕೆಡವದೆ ಉಳಿಸಿಕೊಂಡದ್ದು ಯಾವುದು ಎಂದು ನೋಡುವುದೇ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ವಿಲ್ಟ್‌ಶೈರಿನ ಲೇಕಾಕ್ ಅಬಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಲೇಕಾಕ್ ಮೊದಲು ಮನೆಯೇ ಆಗಿರಲಿಲ್ಲ. ಸಾಲ್ಸ್‌ಬರಿಯ ಕೌಂಟೆಸ್ ಈಲಾ, ಪತಿಯ ಮರಣಾನಂತರ, 1229ರಲ್ಲಿ ಅಗಸ್ಟೀನಿಯನ್ ಪಂಥದ ಕನ್ಯಾಸ್ತ್ರೀಯರಿಗಾಗಿ ಸ್ಥಾಪಿಸಿದ ಮಠ ಅದು. ಇಂಥ ಮಠಗಳ ನಡುವೆ ಕ್ಲಾಯ್ಸ್ಟರ್ ಇರುತ್ತದೆ: ನಮ್ಮ ತೊಟ್ಟಿಮನೆಯ ಹಾಗೆ ಮಧ್ಯದಲ್ಲಿ ತೆರೆದ ಅಂಗಳ, ಅದರ ಸುತ್ತ ಮಾಡಿನಡಿಯ ಓಡಾಟದ ದಾರಿ, ಆ ದಾರಿಗೆ ಬಾಗಿಲು ತೆರೆಯುವ ಕೋಣೆಗಳು. ಲೇಕಾಕ್‌ನಲ್ಲಿ ಈ ಚೌಕದ ದಕ್ಷಿಣಕ್ಕೆ ಚರ್ಚು ಇತ್ತು. ಪೂರ್ವದ ಸಾಲಿನಲ್ಲಿ ಮಠದ ಸಭೆ ಸೇರುವ ಕೋಣೆಯೂ, ಚಳಿಗಾಲದಲ್ಲಿ ಬೆಂಕಿ ಕಾಯಿಸಿಕೊಳ್ಳುವ ಕೋಣೆಯೂ ಇದ್ದವು. ಓಡಾಟದ ದಾರಿಯನ್ನು 15ನೆಯ ಶತಮಾನದಲ್ಲಿ ಹೊಸದಾಗಿ ಕಟ್ಟಿ, ಮೇಲೆ ಕಲ್ಲಿನ ಕಮಾನು ಛಾವಣಿ ಕೂರಿಸಿದರು.

ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ, 1539ರಲ್ಲಿ, ಲೇಕಾಕ್‌ನ ಸರದಿಯೂ ಬಂತು. ಮರುವರ್ಷ ಅದನ್ನು 783 ಪೌಂಡಿಗೆ ಕೊಂಡವನು ವಿಲಿಯಂ ಶಾರಿಂಗ್ಟನ್. ಮುಂದೆ ಬ್ರಿಸ್ಟಲ್ ಟಂಕಸಾಲೆಯ ಅಧಿಕಾರಿಯಾಗಿ ಅಲ್ಲಿ ನಡೆಸಿದ ಮೋಸಕ್ಕಾಗಿ 1549ರಲ್ಲಿ ಸೆರೆಯಾಗಿ, ಕ್ಷಮೆ ಪಡೆದು, ಹಣ ತೆತ್ತು ಆಸ್ತಿಯನ್ನು ಬಿಡಿಸಿಕೊಂಡವನೂ ಇವನೇ. ಮಠವನ್ನು ಕೊಂಡ ಹೊಸ ಒಡೆಯರಲ್ಲಿ ಕೆಲವರು ಎಲ್ಲವನ್ನೂ ನೆಲಸಮ ಮಾಡಿದರು, ಕೆಲವರು ಚರ್ಚನ್ನೇ ಮನೆಯಾಗಿಸಿಕೊಂಡರು. ಶಾರಿಂಗ್ಟನ್ ಚರ್ಚನ್ನು ಕೆಡವಿಸಿದನು, ಆದರೆ ಅದರ ಉತ್ತರದ ಗೋಡೆಯನ್ನು ಬಿಟ್ಟುಕೊಂಡನು, ಏಕೆಂದರೆ ಅದು ಕ್ಲಾಯ್ಸ್ಟರಿನ ಚೌಕವನ್ನು ಮುಚ್ಚುವ ಗೋಡೆಯೂ ಆಗಿತ್ತು. ಕೆಳಗಿನ ಕಲ್ಲಿನ ಕೋಣೆಗಳನ್ನು ಹೆಚ್ಚಾಗಿ ಮುಟ್ಟದೆ, ವಾಸದ ಮುಖ್ಯ ಕೋಣೆಗಳನ್ನೆಲ್ಲ ಮೇಲಂತಸ್ತಿನಲ್ಲಿ ಏರ್ಪಡಿಸಿದನು. ಇವತ್ತಿಗೂ ಲೇಕಾಕ್‌ನಲ್ಲಿ ಕೆಳಗೆ ನಡೆದರೆ ಮಠ, ಮೆಟ್ಟಿಲು ಹತ್ತಿದರೆ ಮನೆ ಎನ್ನುವಂತಿರುವುದಕ್ಕೆ ಕಾರಣ ಈ ಒಂದು ನಿರ್ಧಾರ.

ಅವನು ಹೊಸದಾಗಿ ಸೇರಿಸಿದ್ದರಲ್ಲಿ ಆಗ್ನೇಯ ಮೂಲೆಯ ಎಂಟು ಮೂಲೆಯ ಗೋಪುರವನ್ನು ಸ್ವಲ್ಪ ನಿಂತು ನೋಡಬೇಕು. ಅದರಲ್ಲಿ ಒಂದರ ಮೇಲೊಂದು ಎರಡು ಪುಟ್ಟ ಕೋಣೆಗಳಿವೆ. ಕೆಳಗಿನದು ಬೆಲೆಬಾಳುವ ವಸ್ತುಗಳನ್ನಿಡುವ ಭದ್ರ ಕೋಣೆ. ಮೇಲಿನದಕ್ಕೆ ಹೋಗಬೇಕಾದರೆ ಮನೆಯ ತಾರಸಿಯ ಮೇಲೆ ನಡೆದುಕೊಂಡೇ ಹೋಗಬೇಕು. ಊಟ ಮುಗಿಸಿದ ಆಪ್ತ ಅತಿಥಿಗಳು ಸಿಹಿ ತಿನ್ನುತ್ತ ಸುತ್ತಲಿನ ಜಮೀನನ್ನು ನೋಡುವುದಕ್ಕೆ ಮಾಡಿಸಿದ ಜಾಗವದು. ಎರಡರಲ್ಲೂ ಎಂಟು ಮೂಲೆಯ ಕಲ್ಲಿನ ಮೇಜುಗಳಿವೆ. ಒಂದನ್ನು ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತು ಕುಕ್ಕರಗಾಲಿನಲ್ಲಿ ಕುಳಿತ ಸ್ಯಾಟರ್‌ಗಳು, ಅಂದರೆ ಗ್ರೀಕ್ ಪುರಾಣದ ಮೇಕೆಗಾಲಿನ ಜೀವಿಗಳು, ಹೊತ್ತು ನಿಂತಿವೆ. ಇಟಲಿಯ ನವೋದಯದ ಅಲಂಕಾರ ಇಂಗ್ಲೆಂಡಿನ ಗ್ರಾಮಾಂತರಕ್ಕೆ ಇಷ್ಟು ಬೇಗ ತಲುಪಿದ ಉದಾಹರಣೆಗಳು ಕಡಮೆ.

ಶಾರಿಂಗ್ಟನ್‌ಗೆ ಮಕ್ಕಳಿರಲಿಲ್ಲ. ಆಸ್ತಿ ತಮ್ಮನಿಗೆ, ತಮ್ಮನ ಮಗಳು ಆಲಿವಳ ಮದುವೆಯ ಮೂಲಕ ಟಾಲ್ಬಟ್ ಮನೆತನಕ್ಕೆ ಸೇರಿತು. ಮುಂದಿನ ದೊಡ್ಡ ಬದಲಾವಣೆ ಆದದ್ದು 1754-55ರಲ್ಲಿ. ಜಾನ್ ಐವರಿ ಟಾಲ್ಬಟ್, ಹವ್ಯಾಸಿ ವಾಸ್ತುಶಿಲ್ಪಿ ಸ್ಯಾಂಡರ್ಸನ್ ಮಿಲ್ಲರ್‌ನಿಂದ ಪಶ್ಚಿಮದ ಸಭಾಂಗಣವನ್ನು ಗಾಥಿಕ್ ಮಾದರಿಯಲ್ಲಿ, ಅಂದರೆ ಮಧ್ಯಯುಗದ ಚರ್ಚುಗಳ ಚೂಪು ಕಮಾನಿನ ಶೈಲಿಯಲ್ಲಿ, ಮರುಕಟ್ಟಿಸಿದನು. ಪಾಳುಬಿದ್ದಂತೆ ಕಾಣುವ ಕೋಟೆಗಳನ್ನು ಹೊಸದಾಗಿ ಕಟ್ಟಿಕೊಡುವುದರಲ್ಲಿ ಹೆಸರಾಗಿದ್ದ ಈ ಮಿಲ್ಲರ್‌ನ ಕೆಲಸಕ್ಕೆ ನಿಜವಾದ ಗಾಥಿಕ್ ಕ್ಲಾಯ್ಸ್ಟರ್ ಗೋಡೆಯಾಚೆಗೇ ಇತ್ತೆಂಬುದು ತಮಾಷೆಯ ಸಂಗತಿ. ಅಲ್ಲಿ ಚೂಪು ಕಮಾನುಗಳು ಛಾವಣಿಯ ಭಾರವನ್ನು ಹೊರುತ್ತವೆ. ಇಲ್ಲಿ ಅವು ಅಲಂಕಾರ. ಛಾವಣಿಯ ತುಂಬ ಯಜಮಾನನ ಸ್ನೇಹಿತರ ವಂಶಲಾಂಛನಗಳು, ಗೋಡೆಯ ಗೂಡುಗಳಲ್ಲಿ ಸುಟ್ಟ ಮಣ್ಣಿನ ಮೂರ್ತಿಗಳು. ಒಂದೇ ಮನೆಯಲ್ಲಿ ‘ಗಾಥಿಕ್’ ಎಂಬ ಪದ ಎರಡು ಬೇರೆ ಅರ್ಥಗಳಲ್ಲಿ ಬಳಕೆಯಾಗುವುದರಿಂದ ಇಸವಿಯಿಲ್ಲದೆ ಆ ಪದವನ್ನು ಹೇಳುವುದು ಓದುಗರ ದಾರಿ ತಪ್ಪಿಸುತ್ತದೆ.

1827ರಲ್ಲಿ ಇಲ್ಲಿಗೆ ಬಂದು ನೆಲೆಸಿದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ದಕ್ಷಿಣದ ಗ್ಯಾಲರಿಗೆ ಮೂರು ಓರಿಯಲ್ ಕಿಟಕಿಗಳನ್ನು ಕೂರಿಸಿದನು. ಓರಿಯಲ್ ಎಂದರೆ ನೆಲಕ್ಕೆ ತಾಗದೆ, ಮೇಲಂತಸ್ತಿನ ಗೋಡೆಯಿಂದ ಹೊರಚಾಚಿ ನಿಲ್ಲುವ ಕಿಟಕಿ. ಅವನ್ನು ಕೂರಿಸಿದ್ದು ಚರ್ಚಿನ ಗೋಡೆ ಉಳಿದುಕೊಂಡಿದ್ದ ಬದಿಯಲ್ಲೇ. 1835ರ ಆಗಸ್ಟ್‌ನಲ್ಲಿ ನಡುವಿನ ಕಿಟಕಿಯನ್ನು ಅವನು ಅಂಚೆಚೀಟಿಯಷ್ಟು ಸಣ್ಣ ಕಾಗದದ ಮೇಲೆ ಸೆರೆಹಿಡಿದನು. ಇಂದು ಉಳಿದಿರುವ ಅತ್ಯಂತ ಹಳೆಯ ಛಾಯಾಚಿತ್ರ ನೆಗೆಟಿವ್ ಅದು. ಹೊಸದರಲ್ಲಿ ಮಸೂರ ಹಿಡಿದು ನೋಡಿದರೆ ಸುಮಾರು 200 ಗಾಜಿನ ಚೌಕಗಳನ್ನು ಎಣಿಸಬಹುದಿತ್ತೆಂದು ಅದರ ಜೊತೆಗೆ ಬರೆದಿಟ್ಟಿದ್ದಾನೆ. 1841ರಲ್ಲಿ ಅವನು ಪೇಟೆಂಟ್ ಪಡೆದ ಕಾಗದದ ನೆಗೆಟಿವ್ ವಿಧಾನದ ಸುಧಾರಿತ ರೂಪದಲ್ಲೇ ಬ್ರಿಟಿಷ್ ಸೇನಾಧಿಕಾರಿ ಲಿನಿಯಸ್ ಟ್ರೈಪ್ 1854ರಲ್ಲಿ ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳ ಚಿತ್ರಗಳನ್ನು ತೆಗೆದನು.

20ನೆಯ ಶತಮಾನದಲ್ಲಿ ಗೇಣಿಯ ಆದಾಯ ಕುಸಿದು, ಮರಣಾನಂತರದ ಆಸ್ತಿ ತೆರಿಗೆ ಏರಿದಾಗ ಇಂಥ ನೂರಾರು ಮನೆಗಳು ನೆಲಸಮವಾದವು. ಮಟಿಲ್ಡಾ ಟಾಲ್ಬಟ್ 1944ರಲ್ಲಿ ಲೇಕಾಕ್ ಅಬಿಯನ್ನು ಹಳ್ಳಿಯ ಸಮೇತ, ಪಾರಂಪರಿಕ ತಾಣಗಳನ್ನು ಸಂರಕ್ಷಿಸುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿದಳು. ಈಗ ಅದು ಮೊದಲ ದರ್ಜೆಯ ಸಂರಕ್ಷಿತ ಕಟ್ಟಡವಾದ್ದರಿಂದ ಅದರ ಸ್ವರೂಪವನ್ನು ಬದಲಿಸುವ ಯಾವುದೇ ಕೆಲಸಕ್ಕೆ ಸ್ಥಳೀಯ ಯೋಜನಾ ಪ್ರಾಧಿಕಾರದ ಅನುಮತಿ ಬೇಕು. ಶಾರಿಂಗ್ಟನ್, ಮಿಲ್ಲರ್ ಮತ್ತು ಫಾಕ್ಸ್ ಟಾಲ್ಬಟ್ ಮಾಡಿದ ಬದಲಾವಣೆಗಳೂ ಮಠದ ಕಲ್ಲುಗಳಷ್ಟೇ ಆ ರಕ್ಷಣೆಗೆ ಒಳಪಟ್ಟಿವೆ.