ಮ್ಯಾಂಡೊಲಿನ್ ಕೆಟ್ಟಿಲ್ಲ, ಹೊಂದಿಸಿಲ್ಲ

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಮ್ಯಾಂಡೊಲಿನ್ ಕಟ್ಟುತ್ತೇನೆ, ದುರಸ್ತಿ ಮಾಡುತ್ತೇನೆ, ಮಾರುತ್ತೇನೆ. ಮೂರರಲ್ಲಿ ಮನೆ ನಡೆಸುವುದು ದುರಸ್ತಿಯೇ. ಹೊಸ ವಾದ್ಯ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದರ ಹಣ ಕೈಗೆ ಬರುವ ಮೊದಲೇ ಮರಕ್ಕೆ, ತಂತಿಗೆ, ಬಾಡಿಗೆಗೆ ಕೊಟ್ಟಾಗಿರುತ್ತದೆ. ದುರಸ್ತಿಗೆ ತರುವವರು ಹೆಚ್ಚಾಗಿ ಒಂದೇ ಮಾತು ಹೇಳುತ್ತಾರೆ: “ಸರ್, ಇದು ಅಗ್ಗದ ಮಾಲು, ಸುರವೇ ಕೂಡುವುದಿಲ್ಲ.” ಆ ಮಾತನ್ನು ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಅಗ್ಗದ್ದು ಎಂಬುದು ನಿಜವಿರಬಹುದು. ಆದರೆ ಸುರ ಕೂಡದಿರುವುದಕ್ಕೆ ಕಾರಣ ಬಹುತೇಕ ಬೇರೆಯೇ ಇರುತ್ತದೆ: ಆ ವಾದ್ಯವನ್ನು ಮಾರುವ ಮೊದಲು ಯಾರೂ ನುಡಿಸಲು ತಕ್ಕಂತೆ ಹೊಂದಿಸಿರುವುದಿಲ್ಲ.

ಬ್ರಿಜ್ಜನ್ನೇ, ಅಂದರೆ ತಂತಿಗಳು ಹಾದುಹೋಗುವ ಸಣ್ಣ ಆಸರೆಯನ್ನೇ ನೋಡಿ. ಗಿಟಾರಿನಲ್ಲಿ ಅದು ಸಾಮಾನ್ಯವಾಗಿ ಮೇಲುಹಲಗೆಗೆ ಅಂಟಿರುತ್ತದೆ. ಮ್ಯಾಂಡೊಲಿನ್‌ನಲ್ಲಿ ಹಾಗಲ್ಲ, ನಾಲ್ಕು ಜೋಡಿಯಾಗಿ ಇರುವ ಎಂಟು ತಂತಿಗಳ ಒತ್ತಡವೇ ಅದನ್ನು ನಿಲ್ಲಿಸಿರುತ್ತದೆ. ಒರೆಸಿ ಚೊಕ್ಕ ಮಾಡೋಣವೆಂದು ಎಲ್ಲ ತಂತಿಗಳನ್ನೂ ಒಮ್ಮೆಗೇ ಬಿಚ್ಚಿದರೆ ಬ್ರಿಜ್ ಬಿದ್ದುಹೋಗುತ್ತದೆ. ಆಮೇಲೆ ಅಂದಾಜಿನ ಮೇಲೆ ಎಲ್ಲಿಯೋ ಇಟ್ಟು ತಂತಿ ಬಿಗಿಯುತ್ತಾರೆ. ಬಿಟ್ಟ ತಂತಿ ಸುರದಲ್ಲಿರುತ್ತದೆ, ಕುತ್ತಿಗೆಯ ಮೇಲೆ ಕೈ ಏರಿದಂತೆ ಬೇಸುರ ಹೆಚ್ಚುತ್ತದೆ. ಹೊಸದಾಗಿ ಕಲಿಯುವ ಮಗುವಿಗೆ ತಪ್ಪು ತನ್ನ ಬೆರಳಿನದೋ ವಾದ್ಯದ್ದೋ ಎಂದು ಹೇಗೆ ಗೊತ್ತಾಗಬೇಕು?

ಸರಿಪಡಿಸುವುದು ಮನೆಯಲ್ಲಿಯೂ ಆಗುವ ಕೆಲಸ. ತಂತಿಯ ಅಳತೆ ಮೇಲುತುದಿಯ ಪಟ್ಟಿಯಿಂದ ಬ್ರಿಜ್‌ವರೆಗೆ 350 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಆಗ 12ನೇ ಫ್ರೆಟ್, ಅಂದರೆ ಕುತ್ತಿಗೆಗೆ ಅಡ್ಡ ಕೂರಿಸಿದ ಲೋಹದ ಗೆರೆಗಳಲ್ಲಿ ಹನ್ನೆರಡನೆಯದು, ಸರಿಯಾಗಿ 175ರಲ್ಲಿ ಬರುತ್ತದೆ. ಆ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಒತ್ತದೆ, ಬರೀ ತಾಕಿಸಿ ಮೀಟಿ. ಗಂಟೆಯಂಥ ತೆಳು ನಾದ ಬರುತ್ತದೆ. ಈಗ ಅಲ್ಲಿಯೇ ಒತ್ತಿ ಹಿಡಿದು ಮೀಟಿ. ಎರಡೂ ಒಂದೇ ಸುರವಾಗಿರಬೇಕು. ಒತ್ತಿದ ಸುರ ಏರಿದ್ದರೆ ಬ್ರಿಜ್ಜನ್ನು ತಂತಿಗಳನ್ನು ಕಟ್ಟಿರುವ ಬಾಲದ ಕಡೆಗೆ, ಇಳಿದಿದ್ದರೆ ಕುತ್ತಿಗೆಯ ಕಡೆಗೆ ಸರಿಸಬೇಕು. ಸರಿಸುವುದೂ ಅರ್ಧ ಮಿಲಿಮೀಟರಿನ ಲೆಕ್ಕದಲ್ಲಿ, ತಂತಿಯನ್ನು ಸ್ವಲ್ಪ ಸಡಿಲಿಸಿಕೊಂಡು. ಕೊನೆಗೆ ಬ್ರಿಜ್ 350ಕ್ಕಿಂತ ಒಂದೆರಡು ಮಿಲಿಮೀಟರ್ ಆಚೆಯೇ ನಿಲ್ಲುತ್ತದೆ. ಒತ್ತಿದಾಗ ತಂತಿ ಎಳೆಯಲ್ಪಟ್ಟು ಸುರ ತುಸು ಏರುತ್ತದಲ್ಲ, ಅದಕ್ಕೆ ಕೊಡುವ ಜಾಗ ಅದು.

ಇನ್ನೊಂದು ದೋಷ ಮೇಲುತುದಿಯಲ್ಲಿ, ತಂತಿಗಳು ಕೂಡುವ ಕಚ್ಚುಗಳಲ್ಲಿ ಇರುತ್ತದೆ. ಕಚ್ಚು ಆಳ ಸಾಲದಿದ್ದರೆ ಮೊದಲ ಎರಡು ಫ್ರೆಟ್ ಒತ್ತಲು ಬೆರಳು ಹಣ್ಣಾಗುತ್ತದೆ, ಸುರವೂ ಏರುತ್ತದೆ. ಮೂರನೇ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು, ಮೊದಲ ಫ್ರೆಟ್ಟಿಗೂ ತಂತಿಗೂ ನಡುವೆ ಎಷ್ಟು ಸಂದಿದೆ ನೋಡಿ. ತೆಳು ಕಾಗದ ಹೊಗುವಷ್ಟಿದ್ದರೆ ಸಾಕು. ಹೆಚ್ಚಿದ್ದರೆ ತಂತಿಯಷ್ಟೇ ದಪ್ಪದ ಅರದಿಂದ ಕಚ್ಚನ್ನು ಇಳಿಸಬೇಕು. ಇದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ಒಂದು ಉಜ್ಜು ಹೆಚ್ಚಾದರೆ ತಂತಿ ಫ್ರೆಟ್ಟಿಗೆ ಬಡಿದು ಜರಜರ ಎನ್ನುತ್ತದೆ, ಪಟ್ಟಿಯನ್ನೇ ಬದಲಿಸಬೇಕಾಗುತ್ತದೆ.

ನಮ್ಮ ಸೀಮೆಯ ಹವೆಯನ್ನು ಲೆಕ್ಕಕ್ಕೆ ಹಿಡಿಯದೆ ಈ ಕಸುಬು ನಡೆಯುವುದಿಲ್ಲ. ಧಾರವಾಡಕ್ಕೆ ಮಲೆನಾಡಿನ ಸೆರಗು ತಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ತುಂಬಿರುತ್ತದೆ. ಅದೇ ವಾದ್ಯ ಮಾರ್ಚ್ ಹೊತ್ತಿಗೆ ಗದಗಿನಲ್ಲಿದ್ದರೆ ಒಣಹವೆಗೆ ಸಿಗುತ್ತದೆ. ಮರ ಉದ್ದಕ್ಕೆ ಹೆಚ್ಚು ಕದಲುವುದಿಲ್ಲ, ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ಮಳೆಗಾಲದಲ್ಲಿ ಮೇಲುಹಲಗೆ ಉಬ್ಬಿ, ಅದರೊಡನೆ ಬ್ರಿಜ್ ಎದ್ದು, ತಂತಿ ಎತ್ತರವಾಗುತ್ತದೆ. ಬೇಸಿಗೆಯಲ್ಲಿ ಕುತ್ತಿಗೆಯ ಮರ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಅದರ ತುದಿ ಅಂಚಿನಿಂದ ಹೊರಬಂದು ಅಂಗೈಯನ್ನು ಗೀರುತ್ತದೆ. ಕಣ್ಣಿಗೆ ಅದು ಕಾಣುವುದೇ ಕಷ್ಟ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತ ದೃಷ್ಟಿಹೀನ ಕಲಾವಿದರೊಬ್ಬರು ನನ್ನ ಅಂಗಡಿಗೆ ಬಂದಾಗ ವಾದ್ಯವನ್ನು ನುಡಿಸುವ ಮೊದಲು ಕುತ್ತಿಗೆಯ ಎರಡೂ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ಏಳನೇ ಫ್ರೆಟ್ಟಿನ ಬಳಿ ಬೆರಳು ನಿಂತಿತು. ನಾನು ದೀಪದ ಕೆಳಗೆ ಹಿಡಿದು ನೋಡಿದಾಗಲೇ ನನಗೆ ಅದು ಕಂಡಿದ್ದು. ಅಂದಿನಿಂದ ಅಂಗಡಿಯಿಂದ ಹೊರಡುವ ಪ್ರತಿ ವಾದ್ಯದ ಅಂಚನ್ನೂ ಕಣ್ಣು ಮುಚ್ಚಿಕೊಂಡೇ ಸವರಿ ನೋಡುತ್ತೇನೆ.

ಹವೆಯ ಕಾರಣದಿಂದಲೇ ನಾನು ಹೊಸ ವಾದ್ಯದ ಒಡಲನ್ನು ಮಳೆಗಾಲದಲ್ಲಿ ಮೇಲುಹಲಗೆ ಅಂಟಿಸಿ ಮುಚ್ಚುವುದಿಲ್ಲ. ಹಿಗ್ಗಿದ ಮರವನ್ನು ಅಂಟಿಸಿದರೆ ಬೇಸಿಗೆಯಲ್ಲಿ ಅದು ಕುಗ್ಗಲು ಎಳೆಯುತ್ತದೆ, ಅಂಚು ಬಿಡುವುದಿಲ್ಲ, ನಡುವೆ ಸೀಳು ಬೀಳುತ್ತದೆ. ಆ ತಿಂಗಳುಗಳು ಕುತ್ತಿಗೆ ಕೊರೆಯಲು, ದುರಸ್ತಿಗೆ. ಮೇಲುಹಲಗೆ ಅಂಟಿಸುವುದು ಜನವರಿ, ಫೆಬ್ರುವರಿಯಲ್ಲಿ. ಗಿರಾಕಿ ಗಣೇಶ ಚೌತಿಯೊಳಗೆ ಬೇಕು ಎಂದರೆ ಆಗುವುದಿಲ್ಲ ಎಂದೇ ಹೇಳುತ್ತೇನೆ.

ಮರದ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಹಳೆಯ ವಾಡೆ ಕೆಡವಿದಾಗ ಸಿಕ್ಕ ಸಾಗವಾನಿ ತೊಲೆಯನ್ನು ಹೊತ್ತು ತಂದು, ಇದರಲ್ಲೇ ಪೂರ್ತಿ ವಾದ್ಯ ಮಾಡಿಕೊಡಿ ಎನ್ನುವವರಿದ್ದಾರೆ. ನೂರು ವರ್ಷ ಒಣಗಿದ ಸಾಗವಾನಿ ಒಳ್ಳೆಯ ಮರ, ಕುತ್ತಿಗೆಗೂ ಬೆನ್ನಿಗೂ ಸಂತೋಷದಿಂದ ಬಳಸುತ್ತೇನೆ. ಆದರೆ ನಾದ ಹುಟ್ಟುವುದು ಮೇಲುಹಲಗೆಯಲ್ಲಿ. ಎಂಟು ತಂತಿಗಳ ಒಟ್ಟು ಸೆಳೆತ ಸುಮಾರು 70 ಕಿಲೊ. ಅದನ್ನು ತಡೆಯುವಷ್ಟು ಗಟ್ಟಿಯೂ ತಂತಿಯ ಸಣ್ಣ ಕಂಪನಕ್ಕೆ ಓಗೊಡುವಷ್ಟು ಹಗುರವೂ ಆದ ಮರ ಅಲ್ಲಿಗೆ ಬೇಕು. ಹೊರದೇಶದ ಸ್ಪ್ರೂಸ್ ಅದಕ್ಕಾಗಿಯೇ ಬೆಲೆ ಬಾಳುತ್ತದೆ. ಬಾಗು ಕೆತ್ತಿದ ಹಲಗೆಯಾದರೆ ನಡುವೆ ಸುಮಾರು 5 ಮಿಲಿಮೀಟರ್ ಇಟ್ಟು ಅಂಚಿಗೆ 3ರವರೆಗೆ ಇಳಿಸುತ್ತೇನೆ. ಬೆರಳುಪಟ್ಟಿಗೆ ಬೀಟೆ ಬಳಸಿದರೆ ಮರ ಕೊಂಡ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ. 2017ರಿಂದ ಬೀಟೆಯ ಜಾತಿಯ ಮರಗಳೆಲ್ಲ ಅಂತಾರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಯಲ್ಲಿವೆ.

ತಂಬೂರಿ, ಸಿತಾರಿಗೆ ನಮಗೆ ಮೀರಜ್ ಹತ್ತಿರವಿದೆ. ತಲೆಮಾರುಗಳ ಕೈ ಅಲ್ಲಿದೆ. ಮ್ಯಾಂಡೊಲಿನ್‌ಗೆ ಅಂಥ ಊರು ನಮ್ಮ ಸುತ್ತ ಇಲ್ಲ. ಹಾಗಾಗಿ ರಾಗ ನುಡಿಸಬೇಕೆಂದು ಬರುವವರ ಅಗತ್ಯವನ್ನು ನಾವೇ ಯೋಚಿಸಿ ಹೊಂದಿಸಬೇಕು. ಪಾಶ್ಚಾತ್ಯ ಶ್ರುತಿಯಲ್ಲಿ ಇದರ ತಂತಿಗಳು ಪಿಟೀಲಿನಂತೆಯೇ ಜಿ, ಡಿ, ಎ, ಇ. ಧಾರವಾಡದಲ್ಲಿ ಹಿಂದುಸ್ತಾನಿ ಕಲಿಯುವ ವಿದ್ಯಾರ್ಥಿ ಅದನ್ನೇ ಷಡ್ಜ, ಪಂಚಮಕ್ಕೆ ಕೂಡಿಸಿಕೊಳ್ಳುತ್ತಾನೆ. ಸುರ ಇಳಿಸಿದಾಗ 0.010 ಇಂಚಿನ ತೆಳು ತಂತಿ ಜೋಲುತ್ತದೆ, ಒಂದು ಸುರದಿಂದ ಇನ್ನೊಂದಕ್ಕೆ ಜಾರಿಸಲು ಮೀಂಡ್ ಎಳೆದರೆ ಹಿಡಿತವೇ ಸಿಗುವುದಿಲ್ಲ. ಅವನಿಗೆ ಬೇಕಿರುವುದು ಹೊಸ ವಾದ್ಯವಲ್ಲ, 0.012 ಅಥವಾ 0.013ರ ತಂತಿ ಮತ್ತು ಅದಕ್ಕೆ ತಕ್ಕ ಕಚ್ಚು. ಜೋಡಿ ತಂತಿಯನ್ನು ಒಟ್ಟಿಗೆ ಎಳೆದು ಎರಡನ್ನೂ ಒಂದೇ ಸುರದಲ್ಲಿ ನಿಲ್ಲಿಸುವುದು ಬಹಳ ಕಷ್ಟ. ಯು. ಶ್ರೀನಿವಾಸ್ ಅವರು ಕರ್ನಾಟಕ ಸಂಗೀತಕ್ಕಾಗಿ ಜೋಡಿಗಳನ್ನು ಬಿಟ್ಟು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ ಹಿಡಿದರು, ಮುಂದೆ ಐದು ತಂತಿಗಳಿಗೆ ವಿಸ್ತರಿಸಿದರು. ಗಮಕದ ಹಾದಿಯಲ್ಲಿ ಹೋಗುವವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ, ದುಬಾರಿ ಎಂಟು ತಂತಿಯ ವಾದ್ಯ ಕೊಂಡ ಮೇಲೆ ಅಲ್ಲ.

ಮಾರುವಾಗಲೂ ಅಷ್ಟೇ. ಕೋಲ್ಕತ್ತದಿಂದ ಬರುವ ಕಡಿಮೆ ಬೆಲೆಯ ವಾದ್ಯವನ್ನೂ ಇಡುತ್ತೇನೆ, ಆದರೆ ಡಬ್ಬಿ ಬಿಚ್ಚಿದ ಹಾಗೆಯೇ ಕೊಡುವುದಿಲ್ಲ. ಕಚ್ಚು, ಫ್ರೆಟ್ಟಿನ ತುದಿ, ಬ್ರಿಜ್ ನೋಡಿ, 12ನೇ ಫ್ರೆಟ್ಟಿನ ಮೇಲೆ ತಂತಿಯ ಎತ್ತರವನ್ನು 2 ಮಿಲಿಮೀಟರಿನ ಒಳಗೆ ತರುತ್ತೇನೆ. ಅದಕ್ಕೆ ಅರ್ಧ ದಿನ ಹೋಗುತ್ತದೆ, ಬೆಲೆಯಲ್ಲಿ ಅದು ಸೇರುತ್ತದೆ. ಮೊಬೈಲಿನಲ್ಲಿ ಇದಕ್ಕಿಂತ ಕಡಿಮೆಗೆ ಸಿಗುತ್ತದಲ್ಲ ಎನ್ನುವವರಿಗೆ ಎರಡನ್ನೂ ನುಡಿಸಿ ನೋಡಲು ಹೇಳುತ್ತೇನೆ. ಕುತ್ತಿಗೆ ತಿರುಚಿಕೊಂಡ, ಮೇಲುಹಲಗೆ ಕುಸಿದ ಅಗ್ಗದ ವಾದ್ಯವನ್ನು ಮಾತ್ರ ದುರಸ್ತಿಗೆ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಸುರಿಯುವ ಹಣದಲ್ಲಿ ಇನ್ನೊಂದು ಬರುತ್ತದೆ. ತಂದೆಯದು, ಗುರುಗಳದು ಎಂದರೆ ಮಾತು ಬೇರೆ.

ದುರಸ್ತಿಗೆ ತರುವವರಲ್ಲಿ ಒಂದು ಬೇಡಿಕೆ. ತಲೆಯ ಭಾಗ ಮುರಿದಿದ್ದರೆ ಆಗಲೇ ತಂತಿಗಳನ್ನು ಪೂರ್ತಿ ಸಡಿಲಿಸಿ. ಚಣದಲ್ಲಿ ಅಂಟುವ ಗೋಂದು ಹಾಕಬೇಡಿ. ಅದು ಮರದೊಳಗೆ ಇಳಿದು ಗಾಜಿನಂತೆ ಗಟ್ಟಿಯಾದ ಮೇಲೆ ನನ್ನ ಅಂಟು ಹಿಡಿಯುವುದಿಲ್ಲ. ಉದುರಿದ ಚಕ್ಕೆಗಳನ್ನು, ಅಕ್ಕಿಕಾಳಿನಷ್ಟಿದ್ದರೂ, ಗುಡಿಸಿ ಒಂದು ಕಾಗದದಲ್ಲಿ ಕಟ್ಟಿಕೊಂಡು ವಾದ್ಯದ ಜೊತೆಗೇ ತನ್ನಿ.