ಮುದ್ದೆ, ಅನ್ನ ಬಿಟ್ಟ ಮೇಲೆ ಕೈನಡುಕ, ತಲೆಸುತ್ತು ಏಕೆ?

ಪ್ರಶ್ನೆ: ಶುಗರ್‌ಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ನುಂಗುತ್ತಿದ್ದೇನೆ. ಮಧ್ಯಾಹ್ನದ ಅನ್ನ, ರಾತ್ರಿಯ ಮುದ್ದೆ ಬಿಟ್ಟಾಗಿನಿಂದ ಕೈ ನಡುಗುತ್ತದೆ, ಎದ್ದು ನಿಂತರೆ ತಲೆ ಸುತ್ತುತ್ತದೆ. ಮತ್ತೆ ಅನ್ನ ಶುರು ಮಾಡಲೇ?

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳಿರಬಹುದು. ಕೈನಡುಕಕ್ಕೆ ಮೊದಲು ಅನುಮಾನಿಸಬೇಕಾದ್ದು ಮಾತ್ರೆಯನ್ನು. ಉಂಡರೂ ಉಣ್ಣದಿದ್ದರೂ ಗ್ಲಿಮೆಪಿರೈಡ್ ಇನ್ಸುಲಿನ್ ಹೊರಡಿಸುತ್ತದೆ. ನೂರು ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಅಷ್ಟನ್ನು ಒಮ್ಮೆಲೇ ಬಿಟ್ಟು, ಮಾತ್ರೆ ಮಾತ್ರ ಹಾಗೇ ಮುಂದುವರಿದರೆ ಶುಗರ್ ಕುಸಿಯುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಇದೇ ಅಪಾಯ. ಮೆಟ್‌ಫಾರ್ಮಿನ್ ಒಂದೇ ಆದರೆ ಹೀಗಾಗುವುದು ಅಪರೂಪ.

ನಡುಕ ಬಂದ ಕೂಡಲೇ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಮಾತ್ರೆಯಲ್ಲಿ ವೋಗ್ಲಿಬೋಸ್ ಕೂಡ ಇದೆಯೇ ಎಂದು ಸ್ಟ್ರಿಪ್‌ನ ಹಿಂಬದಿ ಓದಿ. ಮೂರು ಔಷಧ ಸೇರಿದ ಮಾತ್ರೆಗಳು ನಮ್ಮಲ್ಲಿ ಮಾಮೂಲು. ಇದ್ದರೆ ಸಕ್ಕರೆ ಬೇಗ ಕೆಲಸಕ್ಕೆ ಬಾರದು, ಅದು ಕರುಳಿನಲ್ಲಿ ಒಡೆಯುವುದನ್ನೇ ಆ ಔಷಧ ತಡೆಯುತ್ತದೆ. ಮೆಡಿಕಲ್‌ನಲ್ಲಿ ಸಿಗುವ ಗ್ಲುಕೋಸ್ ಪುಡಿಯೇ ಬೇಕು, 15 ಗ್ರಾಂ. ಮೀಟರ್ 110 ತೋರಿಸಿಯೂ ನಡುಕವಿದ್ದರೆ ಸಿಹಿ ಬೇಡ. ಬಹುಕಾಲ 250ರ ಆಸುಪಾಸಿನಲ್ಲಿದ್ದ ದೇಹಕ್ಕೆ 110 ಕೂಡ ಕಡಿಮೆ ಅನ್ನಿಸುತ್ತದೆ. ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ.

ಎದ್ದಾಗಿನ ತಲೆಸುತ್ತಿಗೆ ಹೆಚ್ಚಾಗಿ ಉಪ್ಪು, ನೀರಿನ ಕೊರತೆ ಕಾರಣ. ಅನ್ನ, ಮುದ್ದೆ ಬಿಟ್ಟು ಇನ್ಸುಲಿನ್ ಇಳಿದಾಗ ಮೂತ್ರಪಿಂಡಗಳು ಉಪ್ಪನ್ನು ಹೆಚ್ಚು ಹೊರಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ಮೊದಲ ವಾರ ಇಳಿಯುವ ತೂಕದಲ್ಲಿ ಬಹುಪಾಲು ಈ ನೀರೇ. ಉಪ್ಪು ಹಾಕಿದ ನೀರುಮಜ್ಜಿಗೆ, ತಿಳಿಸಾರು ಸಾಕಾಗಬಹುದು. ಆದರೆ ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ತಾವಾಗಿ ಉಪ್ಪು ಹೆಚ್ಚಿಸಬಾರದು. ಕೂತು ಒಮ್ಮೆ, ನಿಂತು ಒಮ್ಮೆ ಬಿಪಿ ನೋಡಿಸಿ. ಬಿಪಿ ಮಾತ್ರೆಯನ್ನೇ ಇಳಿಸಬೇಕಾಗಬಹುದು.

ಮೊದಲಿನಷ್ಟೇ ಅನ್ನಕ್ಕೆ ಮರಳಬೇಕಿಲ್ಲ. ಇವತ್ತೇ ವೈದ್ಯರಿಗೆ ಫೋನ್ ಮಾಡಿ, ಊಟ ಬದಲಿಸಿದ್ದನ್ನು ಹೇಳಿ, ಗ್ಲಿಮೆಪಿರೈಡ್ ಎಷ್ಟು ಇಳಿಸಬೇಕೆಂದು ಕೇಳಿ. ಅಲ್ಲಿಯವರೆಗೆ ಅರ್ಧ ಮುದ್ದೆ ಉಣ್ಣಿ. ಉಳಿದ ಹಸಿವಿಗೆ ಸೊಪ್ಪಿನ ಪಲ್ಯ, ಮೊಟ್ಟೆ, ಪನೀರ್ ಅಥವಾ ಮೀನು. ಕಾಳಿನ ಸಾರಿನಲ್ಲೂ ಕಾರ್ಬೋಹೈಡ್ರೇಟ್ ಇದೆ, ಲೆಕ್ಕಕ್ಕೆ ಹಿಡಿಯಿರಿ.

ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಶುಗರ್ ಮಾತ್ರೆಗಳಾದ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅನ್ನ, ಮುದ್ದೆ ಬಿಡಲೇಬಾರದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಮೀಟರ್ 180 ತೋರಿಸಿದರೂ ಕೀಟೋಆಸಿಡೋಸಿಸ್, ಅಂದರೆ ಕೊಬ್ಬು ಕರಗಿ ಬರುವ ಕೀಟೋನ್‌ಗಳಿಂದ ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ, ಇರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ, ಮಾತ್ರೆಯ ಸ್ಟ್ರಿಪ್ ತೋರಿಸಿ, ರಕ್ತದಲ್ಲಿ ಕೀಟೋನ್ ನೋಡಲು ಹೇಳಿ.